ಇಂಗ್ಲೆಂಡಿನ ಖಾಲಿ ಕುರ್ಚಿ

ಆ ಫೋನು ಮಾಡಿದವನು ನಾನು, ಕಾಂಬಳೆ ಸರ್ ಅಲ್ಲ. ಮೊಬೈಲು ಅವರದು, ನಂಬರು ಅವರದು, ಕೇಳಿಸಿದ ಧ್ವನಿಯೂ ಅವರದೇ — ಬಾಯಿ ಮಾತ್ರ ನನ್ನದು. ಇಷ್ಟನ್ನು ಹೇಳಲಿಕ್ಕೆ ನನಗೆ ಎಷ್ಟೋ ಶ್ರಾವಣಗಳು ಬೇಕಾದವು. ದಿನಾ ಹತ್ತು ಮಂದಿಯ ಧ್ವನಿಯಲ್ಲಿ ಬಾಯಿ ಬಿಡುವವನು ನಾನು. ಸ್ವಂತ ಧ್ವನಿಯಲ್ಲಿ ಹೇಳಬೇಕಾದ ಒಂದು ವಾಕ್ಯಕ್ಕೆ ಮೂಕನಾಗಿದ್ದೆ. ನಗುವುದಿದ್ದರೆ ಇಲ್ಲೇ ನಕ್ಕುಬಿಡಿ, ಮುಂದೆ ಅಷ್ಟು ಜಾಗ ಇಲ್ಲ.

ನನ್ನನ್ನು ನೀವು ನೋಡಿರಲಿಕ್ಕಿಲ್ಲ, ಕೇಳಿರುತ್ತೀರಿ. ಹುಬ್ಬಳ್ಳಿಯಲ್ಲಿ ಆಟೋ ಮೇಲೆ ಸ್ಪೀಕರ್ ಕಟ್ಟಿಕೊಂಡು ಸೀರೆ ಸೇಲು, ಕಣ್ಣಿನ ತಪಾಸಣೆ, ನಾಳೆ ನೀರು ಬರುವುದಿಲ್ಲ ಎಂದು ಕೂಗುತ್ತ ಹೋಗುವ ‘ಅಲೌನ್ಸ್’ ಇದೆಯಲ್ಲ, ಅದರೊಳಗಿನ ಗಂಟಲು ನನ್ನದು. ಹೆಸರು ಮಂಜುನಾಥ, ಎಲ್ಲರೂ ಕರೆಯುವುದು ರೇಡಿಯೋ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಾನು ಧ್ವನಿ ತೆಗೆಯದ ಮನುಷ್ಯ ಇಲ್ಲ. ಹಾಲಿನವನು, ಕಾರ್ಪೊರೇಟರು, ನಮ್ಮವ್ವ, ನಮ್ಮವ್ವ ಬಯ್ಯುವಾಗ ಹಿಂದೆ ನಿಂತು ಗೊಣಗುವ ನಾನು — ನನ್ನನ್ನೂ ನಾನು ಬಿಟ್ಟವನಲ್ಲ. ಗಣಪತಿ ಹಬ್ಬಕ್ಕೆ, ಮದುವೆಗೆ ಕರೆಯುತ್ತಾರೆ, ನಗಿಸಿ ಬರುತ್ತೇನೆ. ನಡುನಡುವೆ ಸಭೆಗಳಿಗೆ ಮೈಕು-ಸ್ಪೀಕರ್ ಹಚ್ಚುವ ಕೆಲಸವೂ ಉಂಟು. ಈಗ ಹೇಳಬೇಕಾದ ಸಂಗತಿ ಆ ಮೈಕಿನಿಂದಲೇ ಶುರುವಾಯಿತು.

ಕಮರಿಪೇಟೆಯಲ್ಲಿ ಒಂದು ಸಣ್ಣ ವಾಚನಾಲಯ ಇದೆ. ಶ್ರಾವಣದಲ್ಲಿ ಅಲ್ಲಿ ಸಂಜೆ ಹೊತ್ತು ಉಪನ್ಯಾಸಗಳು. ಪುರಾಣ, ವಚನ, ಮಧುಮೇಹ, ಎಲ್ಲಾ ಆಗುತ್ತವೆ, ಮಂದಿ ಅರ್ಧ ನಿದ್ದೆಯಲ್ಲಿ ಕೇಳುತ್ತಾರೆ. ಒಂದು ಸಂಜೆಗೆ ಮಾತ್ರ ಜಾಗ ಹಿಡಿಯಲು ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಅದು ಇಂಗ್ಲೆಂಡು-ಅಮೆರಿಕಾದ ಸಂಜೆ.

ನಮ್ಮ ಕಡೆ ಲಾವಣಿಯವರು ಹರದೇಶಿ-ನಾಗೇಶಿ ಎಂದು ಎರಡು ಮೇಳ ಕಟ್ಟಿಕೊಂಡು ಸವಾಲು-ಜವಾಬು ಹಾಡುತ್ತಾರೆ. ಒಬ್ಬರು ಗಂಡು ಹೆಚ್ಚು ಎನ್ನುತ್ತಾರೆ, ಇನ್ನೊಬ್ಬರು ಹೆಣ್ಣು ಹೆಚ್ಚು ಎನ್ನುತ್ತಾರೆ, ಬೆಳಗಾಗುವವರೆಗೆ ಯಾರೂ ಸೋಲುವುದಿಲ್ಲ. ಅದೇ ಪದ್ಧತಿಯಲ್ಲಿ ಇಬ್ಬರು ಹಿರಿಯರು ಎರಡು ಕುರ್ಚಿ ಹಾಕಿಕೊಂಡು ಇತಿಹಾಸ ಹೇಳುತ್ತಿದ್ದರು. ಎಡಗಡೆಯ ಕುರ್ಚಿಯಲ್ಲಿ ಅಂಗಡಿ ಕಾಕಾ — ಹತ್ತಿ ವ್ಯಾಪಾರದ ಹಳೆಯ ಮನೆತನ, ಧೋತರ, ಕರೀ ಟೋಪಿ, ದೊಡ್ಡ ಹೊಟ್ಟೆ. ಅವರು ಇಂಗ್ಲೆಂಡು. ಬಲಗಡೆ ಕಾಂಬಳೆ ಸರ್ — ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಇಸ್ತ್ರಿ ಮುರಿಯದ ಬಿಳೀ ಅಂಗಿ, ಮಾತಿಗೆ ಮೊದಲು ಒಂದು ಮೌನ. ಅವರು ಅಮೆರಿಕಾ. ಯಾಕೆ ಅಮೆರಿಕಾ ಎಂದು ಯಾರೋ ಒಮ್ಮೆ ಕೇಳಿದ್ದಕ್ಕೆ, “ಮನಿಯಿಂದ ಬ್ಯಾರೆ ಆದ ಮ್ಯಾಲ ಮೊದಲ ಸಂವಿಧಾನಾ ಬರಕೊಂಡ ಕೂತ ಮಗಾ ಅದು. ನನಗ ಅಂಥಾ ಮಗಾ ಸೇರ್ತಾನ” ಎಂದಿದ್ದರು.

ಎರಡು ದೇಶಗಳ ಸಂಬಂಧವನ್ನು ಅವರು ಹೇಳುತ್ತಿದ್ದುದೇ ಹಾಗೆ — ಪಾಲಾದ ಮನೆಯ ಕತೆಯಂತೆ. ಚಹಾದ ಮೇಲೆ ತೆರಿಗೆ ಹಾಕಿದ್ದು, ಅವರು ಚಹಾದ ಪೆಟ್ಟಿಗೆಗಳನ್ನೇ ಸಮುದ್ರಕ್ಕೆ ಒಗೆದದ್ದು, ಯುದ್ಧ, ಸ್ವಾತಂತ್ರ್ಯ. ಮುಂದೆ ಇನ್ನೊಂದು ಯುದ್ಧದಲ್ಲಿ ಇಂಗ್ಲಿಷರು ಹೋಗಿ ಅಮೆರಿಕಾದ ಅಧ್ಯಕ್ಷನ ಮನೆಗೇ ಬೆಂಕಿ ಇಟ್ಟದ್ದು. ಆಮೇಲೆ ಅದೇ ಇಬ್ಬರು ಎರಡು ಮಹಾಯುದ್ಧಗಳಲ್ಲಿ ಹೆಗಲಿಗೆ ಹೆಗಲು ಕೊಟ್ಟದ್ದು.

“ಎರಡೂ ಸಲ ನಿಮ್ಮ ಅಮೆರಿಕಾ ಪಂಕ್ತಿ ಏಳೂ ಹೊತ್ತಿಗೆ ಬಂದು ಎಲಿ ಹಾಕ್ರಿ ಅಂತು. ಇದೇನ್ ಬೀಗಸ್ತನಾರೀ ಸರ್?” ಎಂದು ಕಾಕಾ ಕೆಣಕುತ್ತಿದ್ದರು.

ಸರ್ ತಮ್ಮ ಮೌನವನ್ನು ಮುಗಿಸಿ, “ತಡಾ ಮಾಡಿ ಬಂದ, ಖರೇ. ಬಂದಾಂವ ಕೂಡಲಿಲ್ಲ, ಬಡಸಾಕ ನಿಂತ. ಅದನ್ನ ಹೇಳ್ರಲಾ” ಎನ್ನುತ್ತಿದ್ದರು.

“ನಿಮ್ಮ ಮಗಾ ನಮ್ಮನ್ನ ಬೈಯಾಕೂ ನಮ್ಮ ಭಾಷಾನ ಬೇಕಾತು.”

“ಮನಿ ಬಿಟ್ಟ ಹೋಗೂಮುಂದ ನಾಲಿಗಿ ಕೊಯ್ದ ಇಟ್ಟ ಹೋಗಬೇಕಿತ್ತೇನ್ರಿ ಅಂಗಡಿಯವರ?”

ಸವಾಲು ಬಿದ್ದಾಗೊಮ್ಮೆ ದಪ್ಪು ಎಂಬ ಚರ್ಮವಾದ್ಯದ ಮೇಲೆ ಒಂದು ಏಟು. ಹೊಡೆಯುವವನು ನಾನು.

ಅದಕ್ಕೊಂದು ಕಟ್ಟಳೆ ಇತ್ತು, ಇಬ್ಬರೂ ತಾವೇ ಮಾಡಿಕೊಂಡದ್ದು. ಶ್ರಾವಣ ಹಿಡಿದ ದಿನದಿಂದ ತಮ್ಮ ಸಂಜೆಯವರೆಗೆ ಇಬ್ಬರೂ ಮಾತಾಡುವಂತಿಲ್ಲ. ಭೇಟಿ ಇಲ್ಲ, ಫೋನಿಲ್ಲ. ಬಜಾರದಲ್ಲಿ ಎದುರಾದರೆ ಒಬ್ಬರು ರಸ್ತೆ ದಾಟಬೇಕು. ಸವಾಲು ಬಾಯಿ ಜಾರಿ ಹೊರಬೀಳಬಾರದು ಎಂದು. ವರ್ಷವೆಲ್ಲ ಒಬ್ಬರ ಮನೆಯಲ್ಲಿ ಒಬ್ಬರು ಕೂತಿರುವವರಿಗೆ ಅದು ಕಠಿಣ ವ್ರತವೇ. ಕಾಂಬಳೆ ಸರ್‌ಗೆ ಅಂಗಡಿಯವರ ಅಡುಗೆಮನೆವರೆಗೆ ಸಲಿಗೆ — ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದರು. ಕಮರಿಪೇಟೆಯಂಥ ಹಳೆಯ ಪೇಟೆಯಲ್ಲಿ, ಅಂಥ ಹಳೆಯ ಲಿಂಗಾಯತ ಮನೆಯಲ್ಲಿ, ಊರ ಹೊರಗಿನ ಕೇರಿಯ ಕಾಂಬಳೆ ಎಂಬ ಹೆಸರಿನವರು ಅಡುಗೆಮನೆಯಲ್ಲಿ ಕೂತು ಉಣ್ಣುವುದು ಏನು ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಮಣೆಗೆ ಬಹಳ ವರ್ಷ ಹಿಡಿದಿತ್ತು.

ಈಗ ಮೈಕಿಗೆ ಬರುತ್ತೇನೆ.

ಒಂದು ವರ್ಷ ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ವೇದಿಕೆಯ ಹಿಂದೆ ಕೂತು ಗಿರ್ಮಿಟ್ ತಿನ್ನುತ್ತಿದ್ದರು. ಕಾಕಾನ ಕೊರಳಪಟ್ಟಿಯ ಸಣ್ಣ ಮೈಕನ್ನು ಬಂದ್ ಮಾಡುವುದು ನನ್ನ ಕೆಲಸ. ಹೊರಗಿನ ಸ್ಪೀಕರು ಬಂದ್ ಮಾಡಿದ್ದೆ, ಮೈಕು ಮಾಡಿರಲಿಲ್ಲ. ನನ್ನ ಕಿವಿಯ ಹೆಡ್‌ಫೋನಿನಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಹೊಸ ಧ್ವನಿ ಎಲ್ಲಿ ಸಿಕ್ಕರೂ ಕದಿಯುವ ಚಟ — ಮಂದಿ ವೇದಿಕೆಯ ಮೇಲೆ ಆಡುವ ಧ್ವನಿ ಬೇರೆ, ಗಿರ್ಮಿಟ್ ತಿನ್ನುವಾಗಿನ ಧ್ವನಿ ಬೇರೆ.

ಅವತ್ತಿನ ಮಾತು ಹತ್ತಿಯದು. ಇಬ್ಬರ ಇಂಗ್ಲೆಂಡು-ಅಮೆರಿಕಾ ಜಗಳದಲ್ಲಿ ನಮ್ಮ ಧಾರವಾಡ ಸೀಮೆ ನಿಜವಾಗಿಯೂ ನಡುವೆ ಸಿಕ್ಕಿಕೊಂಡ ಒಂದೇ ಜಾಗ ಅದು. ಇಂಗ್ಲೆಂಡಿನ ಗಿರಣಿಗಳು ಅಮೆರಿಕಾದ ಹತ್ತಿಯ ಮೇಲೆ ನಡೆಯುತ್ತಿದ್ದವು. ಒಂದೇ ಕಡೆಗೆ ಜೋತುಬೀಳಬಾರದೆಂದು ಅಮೆರಿಕಾದ ಹತ್ತಿಬೀಜ ತಂದು ನಮ್ಮ ಕರೀ ಮಣ್ಣಿನಲ್ಲಿ ಬಿತ್ತಿಸಿದ್ದರು. ಅಷ್ಟರಲ್ಲಿ ಅಮೆರಿಕಾದಲ್ಲಿ ಅಣ್ಣ-ತಮ್ಮರ ಯುದ್ಧ ಹತ್ತಿ, ಅಲ್ಲಿಯ ಬಂದರುಗಳು ಬಂದ್ ಆಗಿ, ಇಂಗ್ಲೆಂಡಿನ ಗಿರಣಿಗಳು ನಿಂತುಹೋಗಿ, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಬಂಗಾರದ ಬೆಲೆ ಬಂದಾಗ ಏನಾಗಬೇಕೋ ಅದೂ ಆಯಿತು.

“ನಮ್ಮ ಮುತ್ಯಾ ಅಂಡಿಗ್ಯಾಗ ಮಣ್ಣ ತುಂಬಿದ್ದಾರೀ ಸರ್,” ಎಂದರು ಕಾಕಾ ಹೆಡ್‌ಫೋನಿನೊಳಗೆ. ಅಂಡಿಗೆ ಎಂದರೆ ಹತ್ತಿ ತುಂಬಿದ ದೊಡ್ಡ ಮೂಟೆ; ಮುತ್ಯಾ ಎಂದದ್ದು ಅಜ್ಜನ ಅಪ್ಪನನ್ನು. “ಮಣ್ಣು, ಹತ್ತಿಕಾಳು, ಮ್ಯಾಲ ನೀರು. ಇಂಗ್ಲಿಷ ಸಾಹೇಬ ತುಂಬಿದ ಪ್ಯಾಟ್ಯಾಗ ಬಿಚ್ಚಿಸಿದ. ಮಂದಿ ಎದುರಿಗೆ ಮಣ್ಣ ಸುರೀತು. ಆ ಊರು ಬಿಟ್ಟ ಇಲ್ಲಿ ಬಂದ್ವಿ. ನಮ್ಮ ಮನಿ ಹೆಂಗಸರಿಗೂ ಗೊತ್ತಿಲ್ಲ ಇದು. ನಿಮಗಷ್ಟ.”

ಗಿರ್ಮಿಟ್ ತಿನ್ನುವ ಸದ್ದು ನಿಂತಿತ್ತು.

ಹತ್ತಿ ಪೇಟೆಯಲ್ಲಿ ಅಂಗಡಿಯವರ ಹೆಸರಿಗೆ ಇರುವ ಬೆಲೆ ಏನೆಂದರೆ, ಅವರ ಮಾಲನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ‘ಅಂಗಡಿಯವರದ? ಹಂಗಾದ್ರ ಇಳಸ್ರಿ’ ಅಷ್ಟೆ. ಕಾಕಾ ಆ ಹೆಸರನ್ನು ಮಡಿಬಟ್ಟೆಯಂತೆ ಉಟ್ಟುಕೊಂಡಿದ್ದರು. ಅದರ ಕೆಳಗೆ ಏನಿತ್ತು ಎನ್ನುವುದು ಮೂವರಿಗೆ ಗೊತ್ತಾಯಿತು. ಇಬ್ಬರಿಗೆ ಮಾತ್ರ ಎಂದು ಅವರು ತಿಳಿದಿದ್ದರು. (ಇದನ್ನು ಇಲ್ಲಿ ಬರೆಯಲು ಕಾಕಾನ ಅಪ್ಪಣೆ ಇದೆ. “ಮುತ್ಯಾನ ಹೆಸರ ಹಾಕಬ್ಯಾಡ, ಮಣ್ಣ ಹಾಕು” ಎಂದಿದ್ದಾರೆ.)

ಮುಂದಿನ ಶ್ರಾವಣದವರೆಗೂ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಒಳ್ಳೆಯವನೆಂದಲ್ಲ — ಅದರಲ್ಲಿ ನಗುವಂಥದ್ದು ಏನೂ ಸಿಕ್ಕಿರಲಿಲ್ಲ.

ಆ ಹೊತ್ತಿಗೆ ನನಗೆ ಇನ್ನೊಂದು ಚಿಂತೆ. ಕಾಂಬಳೆ ಸರ್ ಧ್ವನಿ ನನಗೆ ಹತ್ತುತ್ತಿರಲಿಲ್ಲ. ಎಲ್ಲರದೂ ಬರುತ್ತಿತ್ತು, ಅವರದು ಬರುತ್ತಿರಲಿಲ್ಲ. ಶ್ರಾವಣ ಹಿಡಿಯುವ ಮೊದಲು ಒಮ್ಮೆ ಅಂಗಡಿ ಕಾಕಾ ನಾಲ್ಕು ಮಂದಿ ಎದುರಿಗೆ, “ರೇಡಿಯೋ, ನಿನಗ ಎಲ್ಲಾ ಸ್ಟೇಶನ್ ಸಿಗತಾವ, ಸರ್ ಸ್ಟೇಶನ್ ಒಂದ ಸಿಗಂಗಿಲ್ಲ ನೋಡು. ಅದಕ್ಕ ಓದಿರಬೇಕ ಲೇ” ಎಂದರು. ಎಲ್ಲರೂ ನಕ್ಕರು. ನಾನೇ ಹೆಚ್ಚು ನಕ್ಕೆ. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತೆ.

ಹತ್ತಿತು. ಗುಟ್ಟು ಧ್ವನಿಯಲ್ಲಿ ಇರಲಿಲ್ಲ, ಮಾತಿಗೆ ಮೊದಲಿನ ಆ ಮೌನದಲ್ಲಿತ್ತು. ಮೌನದ ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಒಂದು ಸಣ್ಣ ಕೆಮ್ಮಿನಲ್ಲಿತ್ತು. ಆ ಕೆಮ್ಮು ಅವರಿಗೆ ಆಗ ಹೊಸದಾಗಿ ಶುರುವಾಗಿತ್ತು. ಯಾರೂ ಗಮನಿಸಿರಲಿಲ್ಲ, ಅವರ ಮನೆಯವರೂ. ನಾನು ಗಮನಿಸಿದೆ — ಮಿಮಿಕ್ರಿಗೆ ಬೇಕಾದ್ದರಿಂದ. ಆ ಕೆಮ್ಮು ಏನೆಂದು ಡಾಕ್ಟರಿಗೆ ಗೊತ್ತಾದದ್ದು ಬಹಳ ತಡವಾಗಿ. ಅದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡವನು ನಾನು, ಕೇಳಿಸಿಕೊಂಡು ಅಭ್ಯಾಸ ಮಾಡಿದೆ.

ಶ್ರಾವಣ ಹಿಡಿಯಿತು. ಇಬ್ಬರ ಮಾತು ನಿಂತಿತು. ಒಂದು ಮಧ್ಯಾಹ್ನ ಕಾಂಬಳೆ ಸರ್ ತಮ್ಮ ಮೊಬೈಲು ಹಿಡಿದುಕೊಂಡು ಬಂದರು. ಗಾಜು ಒಡೆದಿತ್ತು. ಗೆಳೆಯನ ರಿಪೇರಿ ಅಂಗಡಿಯಲ್ಲಿ ಹಾಕಿಸಿಕೊಡುತ್ತೇನೆ ಎಂದೆ. “ನಿನ್ನ ಕಡೆ ಇರ್ಲಿ, ಸಂಜಿಕ್ಕ ಒಯ್ತೇನಿ” ಎಂದು ಕೊಟ್ಟು ಹೋದರು. ಹೊಸ ಗಾಜು ಬಿತ್ತು. ಸರ್ ಬರಲಿಕ್ಕೆ ಇನ್ನೂ ಹೊತ್ತಿತ್ತು. ಗೆಳೆಯನ ಅಂಗಡಿಯಲ್ಲಿ ಮೂರು-ನಾಲ್ಕು ಜನ ನಮ್ಮ ವಾರಿಗೆಯವರೇ. ನಾನು ಸರ್ ಧ್ವನಿ ತೆಗೆದು ತೋರಿಸಿದೆ. ಒಬ್ಬ ತಿರುಗಿ ಬಾಗಿಲ ಕಡೆ ನೋಡಿದ, ಸರ್ ಬಂದರೇನೋ ಎಂದು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಈವರೆಗೆ ಯಾರೂ ಕೊಟ್ಟಿಲ್ಲ.

ಕಾಕಾ ನಂಬುತ್ತಾರೋ ಇಲ್ಲವೋ — ಅದೊಂದೇ ಉಳಿದಿತ್ತು. ಕೈಯಲ್ಲಿ ಸರ್ ಮೊಬೈಲು. ಏನು ಹೇಳುವುದು? ಮಾತಾಡಬಾರದ ದಿನಗಳಲ್ಲಿ ಸರ್ ಫೋನು ಮಾಡಬೇಕಾದರೆ ಅಂಥ ದೊಡ್ಡ ಮಾತೇ ಇರಬೇಕು. ನನ್ನ ತಲೆಯಲ್ಲಿದ್ದ ದೊಡ್ಡ ಮಾತು ಒಂದೇ. ಅಂಗಡಿಯಲ್ಲಿದ್ದ ಯಾರಿಗೂ ಅದರ ಅರ್ಥ ಆಗುವುದಿಲ್ಲ ಎಂದೂ ಲೆಕ್ಕ ಹಾಕಿದೆ. ಅಂದರೆ ನಾನು ಯೋಚನೆ ಮಾಡದೆ ಮಾಡಿದ್ದಲ್ಲ. ಅಷ್ಟು ಯೋಚನೆ ಮಾಡಿ ಮಾಡಿದೆ.

ರಿಂಗಾಯಿತು. ಎತ್ತಿದರು. ಮೌನ ಇಟ್ಟೆ, ಕೆಮ್ಮು ಇಟ್ಟೆ. ಹೇಳಿದೆ:

“ಅಂಗಡಿಯವರ, ಈ ಸಲದ ಕಡೀ ಸವಾಲು ನಿಮ್ಮ ಮುತ್ಯಾನ ಅಂಡಿಗಿ ಮ್ಯಾಲ ಐತಿ. ಜವಾಬು ತಯಾರ ಮಾಡ್ಕೊಂಡ ಬರ್ರಿ.”

ಕಾಕಾ ‘ಏ ರೇಡಿಯೋ, ಮಂಗ್ಯಾನಂಥವನ’ ಎಂದು ಬಯ್ಯುತ್ತಾರೆ, ಆಗ ನಾನು ನಕ್ಕು ಇಡುವುದು — ಹಾಗೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಎರಡೇ ಶಬ್ದ.

“ಆತ್ರಿ ಸರ್.”

ಇಟ್ಟರು. ನಾನು ಯಾರ ಧ್ವನಿಯನ್ನಾದರೂ ತೆಗೆಯಬಲ್ಲೆ. ಆ “ಆತ್ರಿ ಸರ್” ಈವತ್ತಿಗೂ ಬರುವುದಿಲ್ಲ. ಪ್ರಯತ್ನಿಸಿ ನೋಡಿದ್ದೇನೆ.

ತಕ್ಷಣ ಇನ್ನೊಂದು ಫೋನು ಮಾಡಿ ನಾನೇ ರೀ ಕಾಕಾ ಎನ್ನಬಹುದಿತ್ತು. ಎಷ್ಟು ಸುಲಭ ಇತ್ತು ಅದು — ಮೊಬೈಲು ಇನ್ನೂ ಕೈಯಲ್ಲೇ ಇತ್ತು. ಆದರೆ ಹಾಗೆಂದರೆ ಅಂಡಿಗೆಯ ಸಂಗತಿ ನನಗೆ ಹೇಗೆ ಗೊತ್ತು ಎನ್ನುವುದು ಬರುತ್ತದೆ. ಮೈಕು ಬರುತ್ತದೆ. ನಾನು ಆ ಕರೆಯನ್ನು ಮೊಬೈಲಿನಿಂದ ಅಳಿಸಿದೆ. ಸಂಜೆ ಸರ್ ಬಂದರು, ಹೊಸ ಗಾಜಿನ ಮೇಲೆ ಬೆರಳಾಡಿಸಿ, “ಛಲೋ ಹಾಕ್ಯಾರ” ಎಂದು ಒಯ್ದರು.

ಅವರ ಸಂಜೆ ಬಂತು. ಹತ್ತಿ ಪೇಟೆಯ ಮಂದಿಯೆಲ್ಲ ಬಂದಿದ್ದರು, ಅಂಗಡಿ ಕಾಕಾ ಬರಲಿಲ್ಲ. ಮನೆಗೆ ಆಳು ಕಳಿಸಿದರೆ ‘ಊರಾಗಿಲ್ಲ’ ಎಂಬ ಉತ್ತರ. ಸರ್ ತಮ್ಮ ಕುರ್ಚಿಯಲ್ಲಿ ಕೂತೇ ಇದ್ದರು. ಕಾರ್ಯಕ್ರಮ ರದ್ದು ಮಾಡೋಣ ಎಂದಾಗ ಬೇಡ ಎಂದರು. ಒಬ್ಬರೇ ಎದ್ದು ನಿಂತು ಅಮೆರಿಕಾದ ಕಡೆಯಿಂದ ಒಂದಿಷ್ಟು ಹೇಳಿ, ಕೊನೆಗೆ ಪದ್ಧತಿಯಂತೆ ಎಡಗಡೆಯ ಕುರ್ಚಿಯ ಕಡೆ ತಿರುಗಿ ತಮ್ಮ ಕಡೀ ಸವಾಲು ಹಾಕಿದರು. ಇಂಗ್ಲೆಂಡಿನ ಕುರ್ಚಿ ಖಾಲಿ. ಸವಾಲು ಇದು:

“ಎರಡ ಸಲ ಯುದ್ಧಾ ಮಾಡಿದ್ರು. ಒಬ್ಬರ ಮನಿಗೆ ಒಬ್ಬರು ಬೆಂಕಿ ಹಚ್ಚಿದ್ರು. ಮತ್ತ ಕೂಡಿದ್ರು. ಹಂಗಾರ ಮೊದಲ ಯಾರು ಯಾರ ಬಾಗಲಕ್ಕ ಬಂದ್ರು? ಹೇಳ್ರಿ ಅಂಗಡಿಯವರ.”

ದಪ್ಪು ಹೊಡೆಯಬೇಕಾದದ್ದು ನಾನು. ಹೊಡೆದೆ. ಖಾಲಿ ಕುರ್ಚಿಗೆ ಹೊಡೆದ ಆ ಏಟಿಗೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಮರುದಿನ ಸರ್ ಕಮರಿಪೇಟೆಗೆ ಹೋದರಂತೆ. ಕಾಕಾನ ಸೊಸೆ ಬಾಗಿಲು ಅರ್ಧ ತೆರೆದು, “ಮಾವಾರು ಮನ್ಯಾಗಿಲ್ರಿ” ಎಂದಳು. ಒಳಗೆ ಕಾಕಾ ಕೆಮ್ಮಿದ್ದು ಹೊರಗೆ ಕೇಳಿತು. ಸರ್ ಮೆಟ್ಟಿಲು ಇಳಿದರು. ಮತ್ತೆ ಆ ಓಣಿಗೆ ಹೋಗಲಿಲ್ಲ. ಕಾಕಾ ಯಾಕೆ ಬಾಗಿಲು ಹಾಕಿದರು ಎಂದು ಸರ್‌ಗೆ ಯಾರೂ ಹೇಳಲಿಲ್ಲ. ಸರ್ ಮಾತಿಗೆ ತಪ್ಪಲಿಲ್ಲ ಎಂದು ಕಾಕಾಗೆ ಯಾರೂ ಹೇಳಲಿಲ್ಲ. ಹೇಳಬಲ್ಲವನು ಒಬ್ಬ ಇದ್ದ. ಅವನು ಆ ವಾರ ಪ್ಲಾಸ್ಟಿಕ್ ಸಾಮಾನಿನ ಸೇಲ್ ಕೂಗುತ್ತಿದ್ದ.

ಮುಂದಿನದು ಚಿಕ್ಕದಾಗಿ. ಸರ್ ಕೆಮ್ಮು ಬಲಿಯಿತು. ಗಂಟಲಿನ ಆಪರೇಶನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಈಗ ಅವರ ಮಾತೆಂದರೆ ಬರೀ ಉಸಿರು. ಹತ್ತಿರ ಹೋಗಿ ಕಿವಿ ಕೊಟ್ಟರೆ ಕೇಳುತ್ತದೆ. ಆಸ್ಪತ್ರೆಗೆ ಇಡೀ ವಾಚನಾಲಯವೇ ಹೋಗಿ ಬಂತು. ಅಂಗಡಿ ಕಾಕಾ ಹೋಗಲಿಲ್ಲ. ನಾನು ಹೋಗಿದ್ದೆ, ಮೋಸಂಬಿ ಒಯ್ದಿದ್ದೆ. ಸರ್ ನನ್ನನ್ನು ನೋಡಿ ನಕ್ಕು, ಕೈಸನ್ನೆಯಲ್ಲಿ ನನ್ನ ಗಂಟಲು ತೋರಿಸಿ, ಜೋಪಾನ ಎಂದರು.

ಅಂದು ಹೇಳಬಹುದಿತ್ತು. ಅಂದು ಹೇಳಿದ್ದರೆ — ಬಿಡಿ. ಹಾಗೆ ಎಣಿಸುತ್ತ ಹೋದರೆ ಪ್ರತಿ ದಿನವೂ ಅಂದೇ.

ಈ ವರ್ಷ ಆಷಾಢ ಮುಗಿಯುತ್ತ ಬಂದಾಗ ವಾಚನಾಲಯದ ಕಾರ್ಯದರ್ಶಿ ನನ್ನನ್ನು ಕರೆಸಿದರು. ಅವರಿಗೊಂದು ಉಪಾಯ ಹೊಳೆದಿತ್ತು. “ಮಂದಿ ಇನ್ನೂ ನೆನಸ್ತಾರೋ ರೇಡಿಯೋ. ಆ ಇಂಗ್ಲೆಂಡು-ಅಮೆರಿಕಾ ಸಂಜಿ ಮತ್ತ ಮಾಡೂಣು. ಇಬ್ಬರ ಧ್ವನೀನೂ ನೀನ ತಗೀ. ಎರಡ ಕುರ್ಚಿ ಹಾಕ್ತೇವಿ, ಆಕಡಿ ಈಕಡಿ ಜಿಗೀತಾ ಹೋಗು. ಮುಂದ ಸರ್ ಕೂತಿರ್ತಾರ, ಅವರಿಗೂ ಸಂತೋಷ ಆಕ್ಕೈತಿ. ನಿನಗೊಂದ ಶಾಲು ಹೊಚ್ತೇವಿ.”

ಆಗಲಿ ಎಂದೆ. ಮನೆಗೆ ಬಂದು ಅಭ್ಯಾಸಕ್ಕೂ ಕೂತೆ — ಇದನ್ನು ಮುಚ್ಚಿಡುವುದಿಲ್ಲ. ಕಾಕಾನ ಕುರ್ಚಿ ಆಯಿತು. ಸರ್ ಕುರ್ಚಿಗೆ ಬಂದು ಮೌನ ಇಟ್ಟೆ, ಆ ಕೆಮ್ಮು ಕೆಮ್ಮಿದೆ. ಒಳಗಿನಿಂದ ನಮ್ಮವ್ವ, “ಸರ್ ಬಂದಾರೇನೋ? ಚಾ ಇಡ್ಲೇನು?” ಎಂದಳು. ಆಮೇಲೆ ಅವಳಿಗೇ ನೆನಪಾಯಿತು, ಪಾತ್ರೆ ಕೆಳಗಿಟ್ಟ ಸದ್ದು ಬಂತು. ಅವರ ಕುತ್ತಿಗೆಯಿಂದ ಕೊಯ್ದು ತೆಗೆದದ್ದು ನನ್ನ ಬಾಯಲ್ಲಿ ಸುರಕ್ಷಿತ ಇತ್ತು, ಕೆಮ್ಮಿನ ಸಮೇತ. ಅದಕ್ಕೆ ಶಾಲು.

ಮರುದಿನ ಬೆಳಿಗ್ಗೆ ಅಂಗಡಿ ಕಾಕಾನ ಹತ್ತಿಯ ಅಡತಿ ಮಳಿಗೆಗೆ ಹೋದೆ. ಹೊರಗೆ ಹತ್ತಿ ಇಳಿಯುತ್ತಿತ್ತು, ಒಳಗೆ ಗಾದಿಯ ಮೇಲೆ ಅವರೊಬ್ಬರೇ. ಎಲ್ಲ ಹೇಳಿದೆ — ಮೈಕು, ಮೊಬೈಲು, ಗಾಜು. ನಿಂತೇ ಹೇಳಿದೆ. ಕಾಕಾ ಕೇಳಿ ಮುಗಿಸಿ ಕನ್ನಡಕ ತೆಗೆದರು.

“ಸರ್ ಕಳಿಸ್ಯಾರೇನು?”

“ಇಲ್ರಿ.”

“ಹಂಗಾರ ರಾಜಿ ಮಾಡಸಾಕ ಬಂದಿ. ಸುಳ್ಳ ಹೇಳಾಕತ್ತಿ. ಅದು ಸರ್ ಧ್ವನಿ. ನಾ ಅದನ್ನ ಮೂವತ್ತ ವರ್ಷ ಕೇಳೇನಿ, ನಿನ್ನ ಕಡಿಂದ ಆಗೂ ಕೆಲಸ ಅಲ್ಲ ಅದು.”

ಬೇರೆ ದಾರಿ ಇರಲಿಲ್ಲ. ಮೌನ ಇಟ್ಟೆ. ಕೆಮ್ಮಿದೆ. “ಅಂಗಡಿಯವರ, ಈ ಸಲದ ಕಡೀ ಸವಾಲು...”

ಕಾಕಾ ಕಣ್ಣು ಮುಚ್ಚಿದರು. ಮುಗಿದ ಮೇಲೂ ತೆರೆಯಲಿಲ್ಲ.

“ಇನ್ನೊಮ್ಮೆ.”

ಇನ್ನೊಮ್ಮೆ ಹೇಳಿದೆ.

“ಇನ್ನೊಮ್ಮೆ. ಅದ ಬ್ಯಾಡ, ಬ್ಯಾರೆ ಏನರೆ ಅನ್ನು.”

ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಪರೀಕ್ಷೆ ಅಲ್ಲ ಅದು. ಅವರು ಕೇಳುತ್ತಿದ್ದರು, ಅಷ್ಟೆ. ಹೊರಗೆ ಆಳುಗಳು ಅಂಡಿಗೆ ಇಳಿಸುವ ಸದ್ದಿನ ನಡುವೆ ನಾನು ಸರ್ ಧ್ವನಿಯಲ್ಲಿ, ‘ಬಂದಾಂವ ಕೂಡಲಿಲ್ಲ, ಬಡಸಾಕ ನಿಂತ’ ಎನ್ನುವ ಹಳೆಯ ಜವಾಬನ್ನು ಹೇಳಿದೆ. ಕಾಕಾ ತಲೆದೂಗಿದರು, ವೇದಿಕೆಯ ಮೇಲೆ ತೂಗುತ್ತಿದ್ದ ಹಾಗೆ. ಆಮೇಲೆ ಸಾಕು ಎಂದು ಕೈ ಎತ್ತಿದರು.

ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತೋ ಏನೋ. “ಧ್ವನಿ ನಿಂದು,” ಎಂದರು. “ನಂಬಿದಾಂವ ನಾನು. ಮೂವತ್ತ ವರ್ಷದ ಮನಶಾನ ಬಿಟ್ಟು ಒಂದ ಫೋನ್ ನಂಬಿದೆ. ಅದನ್ನೂ ನೀನ ಹೊತಗೋಬ್ಯಾಡ, ಅದರಾಗ ನಿನ್ನ ಪಾಲಿಲ್ಲ.”

ನನ್ನ ತಪ್ಪನ್ನು ಒಪ್ಪಿಸಲು ಹೋದವನ ಕೈಯಿಂದ ಅರ್ಧ ತಪ್ಪನ್ನು ಕಸಿದುಕೊಂಡರು. ಉಳಿದರ್ಧ ಇನ್ನೂ ಭಾರವಾಯಿತು.

“ಆ ವರ್ಷ ಸರ್ ಕಡೀ ಸವಾಲ ಖರೇನ ಏನಿತ್ತು?” ಎಂದು ಕೇಳಿದರು ಆಮೇಲೆ. ಇಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ. ಅಂಡಿಗೆಯದೇ ಎಂದು ನಂಬಿದ್ದರಿಂದ ಕೇಳುವ ಧೈರ್ಯ ಇರಲಿಲ್ಲ. ನಾನು ಹೇಳಿದೆ — ಈ ಸಲ ನನ್ನ ಧ್ವನಿಯಲ್ಲೇ. ಎರಡು ಸಲ ಯುದ್ಧ ಮಾಡಿದವರು ಮತ್ತೆ ಕೂಡಿದರು, ಮೊದಲು ಯಾರು ಯಾರ ಬಾಗಿಲಿಗೆ ಬಂದರು ಎಂದು.

ಕಾಕಾ ಟೋಪಿ ಹಾಕಿಕೊಂಡರು. “ಗಾಡಿ ಏನ ತಂದಿ?”

ತಂದದ್ದು ಅಲೌನ್ಸ್ ಆಟೋ. ಮೇಲೆ ಸ್ಪೀಕರು, ಹಿಂದೆ ‘ಒಂದಕ್ಕೆ ಒಂದು ಸೀರೆ ಉಚಿತ’ ಎಂಬ ಬ್ಯಾನರು. ಹತ್ತಿ ಪೇಟೆಯ ಅಂಗಡಿಯವರು ಅದರಲ್ಲಿ ಕೂತು ಬೈರಿದೇವರಕೊಪ್ಪದವರೆಗೆ ಬಂದರು. ದಾರಿಯಲ್ಲಿ ಒಮ್ಮೆ ಮಾತ್ರ, “ಆ ಸೀರಿ ಬ್ಯಾನರ್ ತಗದ ಬರಬೇಕಿಲ್ಲೇನ ಲೇ” ಎಂದರು.

ಬೈರಿದೇವರಕೊಪ್ಪದಲ್ಲಿ ಸರ್ ಮನೆ ಹೊಸ ಲೇಔಟಿನ ಒಳಗಡೆ. ಕಾಕಾ ಬಾಗಿಲು ಬಡಿದು, ಯಾರು ಎಂದು ಒಳಗಿನಿಂದ ಸರ್ ಸೊಸೆ ಕೇಳಿದಾಗ, ಓಣಿಗೆಲ್ಲ ಕೇಳುವಂತೆ, “ಇಂಗ್ಲೆಂಡ್ ಬಂದೈತಿ ಅಂತ ಹೇಳ್ರಿ. ತಡಾ ಆಗೇತಿ ಅಂತನೂ ಹೇಳ್ರಿ” ಎಂದರು.

ಸರ್ ಬಂದರು. ಕುತ್ತಿಗೆಗೆ ಬಿಳೀ ಅರಿವೆ ಸುತ್ತಿಕೊಂಡಿದ್ದರು, ಅಂಗಿಯ ಇಸ್ತ್ರಿ ಹಾಗೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಇದ್ದವು. ಕಾಕಾ ಎಡಗಡೆಯದರಲ್ಲೇ ಕೂತರು. ನಾನು ಮೂರನೆಯ ಸಲ ಎಲ್ಲ ಹೇಳಿದೆ — ಒಮ್ಮೆ ಕಾಕಾಗೆ, ಒಮ್ಮೆ ಆಟೋದಲ್ಲಿ ಮನಸ್ಸಿನೊಳಗೆ, ಈಗ ಸರ್‌ಗೆ. ಸರ್ ಕೇಳುತ್ತ ಕೇಳುತ್ತ ಕಾಕಾನ ಕಡೆ ತಿರುಗಿ ಏನೋ ಅಂದರು. ಕಾಕಾಗೆ ಕೇಳಲಿಲ್ಲ. ಎದ್ದು ಹೋಗಿ ಕಿವಿ ಹತ್ತಿರ ಇಟ್ಟರು; ಸರ್ ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿತು.

“ನಾ ಬ್ಯಾರೆ ತಿಳಕೊಂಡಿದ್ದೆ,” ಎಂದರು ಸರ್.

“ಏನ ತಿಳಕೊಂಡಿದ್ರಿ?”

ಸರ್ ಅಂಗಿಯ ಇಸ್ತ್ರಿಯ ಮೇಲೆ ಒಮ್ಮೆ ಕೈಯಾಡಿಸಿದರು. “ನಿಮ್ಮ ಮನ್ಯಾಗ ಯಾರೋ ಒಲಿ ಮುಂದಿನ ಆ ಮಣಿ ಬಗ್ಗೆ ಅಂದಿರಬೇಕು ಅಂತ. ಬಾಗಲಾ ಅರ್ಧಾ ತಗದಾಗ... ನನಗ ಗೊತ್ತಿದ್ದ ಕಾರಣ ಅದೊಂದ ಅಲ್ಲೇನ್ರಿ?”

ಕಾಕಾ ನಿಂತಲ್ಲೇ ಕುಗ್ಗಿದರು. ಅಡತಿಯಲ್ಲಿ ನನ್ನ ಮಾತು ಕೇಳಿ ಆಗದ್ದು ಇಲ್ಲಿ ಆಯಿತು. ನಾನು ಹಿಂದೆ ಸರಿದು ಗೋಡೆ ನೋಡಿದೆ. ಒಂದು ಫೋನಿನಿಂದ ಇಬ್ಬರನ್ನು ಅಗಲಿಸಿದೆ ಎಂದು ಇಷ್ಟು ವರ್ಷ ಲೆಕ್ಕ ಇಟ್ಟಿದ್ದೆ. ಲೆಕ್ಕ ತಪ್ಪಿತ್ತು. ಕಾಕಾಗೆ ಅವರ ಮುತ್ಯಾನ ಅವಮಾನವನ್ನು ಕೊಟ್ಟಿದ್ದೆ. ಸರ್‌ಗೆ ಅವರ ಅಪ್ಪ-ಅಜ್ಜಂದಿರದನ್ನು ಕೊಟ್ಟಿದ್ದೆ. ಅವರು ಅದನ್ನು ಯಾರಿಗೂ ಹೇಳದೆ, ಆಸ್ಪತ್ರೆಯ ಹಾಸಿಗೆಯಲ್ಲೂ ಹೇಳದೆ, ಧ್ವನಿ ಇರುವವರೆಗೂ ಹೇಳದೆ, ಈಗ ಉಸಿರಿನಲ್ಲಿ ಹೇಳಿದರು.

“ಮಣಿ ಅಲ್ಲೇ ಐತ್ರಿ,” ಎಂದರು ಕಾಕಾ. “ಒಲಿ ಹತ್ರನ ಐತಿ. ಯಾರೂ ಸರಿಸಿಲ್ಲ.”

ಸರ್ ಸೊಸೆ ಚಹಾ ತಂದಿಟ್ಟಳು. ಇಬ್ಬರೂ ಕುಡಿದರು. ಸರ್ ಏನೋ ಅಂದರು, ಕಾಕಾ ಬಗ್ಗಿ ಕೇಳಿ ಹೊಟ್ಟೆ ಕುಲುಕಿಸಿ ನಕ್ಕರು. ಏನೆಂದು ನನಗೆ ಕೇಳಲಿಲ್ಲ. ಈ ಸಲ ಹೆಡ್‌ಫೋನು ಇರಲಿಲ್ಲ. ಈ ಶ್ರಾವಣಕ್ಕೆ ಎರಡೂ ಕುರ್ಚಿ ಹಾಕಿಸಬೇಕು ಎಂದು ಅವರೊಳಗೇ ಮಾತಾಯಿತು. ಅಮೆರಿಕಾದ ಯುದ್ಧ, ಇಂಗ್ಲೆಂಡಿನ ಗಿರಣಿ, ನಡುವೆ ಮುತ್ಯಾನ ಮಣ್ಣು — ಅದನ್ನು ಹತ್ತಿ ಪೇಟೆಯ ಮಂದಿ ಎದುರಿಗೆ ತಾನೇ ಬಿಚ್ಚುತ್ತೇನೆ ಎಂದು ಕಾಕಾ ಹಟ ಹಿಡಿದರು. “ಸಾಹೇಬ ಬಿಚ್ಚಿಸಿದ್ದು ಬ್ಯಾರೆ, ನಾ ಬಿಚ್ಚೂದು ಬ್ಯಾರೆ” ಎಂದರು. ಸರ್ ಮಾತ್ರ ತಮ್ಮ ಕುತ್ತಿಗೆಯ ಅರಿವೆ ಮುಟ್ಟಿ ತೋರಿಸಿ ಕೈ ಅಲ್ಲಾಡಿಸಿದರು. ಅಮೆರಿಕಾ ಇನ್ನು ಮಾತಾಡುವುದು ಹೇಗೆ?

ನನಗೆ ಅಲ್ಲೊಂದು ದಾರಿ ಕಂಡಿತು. ಸಿಕ್ಕಿತಲ್ಲ, ತೀರಿಸಿಬಿಡುವ ದಾರಿ ಎಂದು ಒಳಗೊಳಗೇ ಹಿಗ್ಗಿದೆ. ತಪ್ಪು ಒಪ್ಪಿಕೊಂಡು ಇನ್ನೂ ಒಂದು ಚಹಾದ ಹೊತ್ತೂ ಆಗಿರಲಿಲ್ಲ, ಆಗಲೇ ಚಪ್ಪಾಳೆ ಕೇಳಿಸತೊಡಗಿತ್ತು.

“ಸರ್, ನೀವು ಕುರ್ಚಿ ಮ್ಯಾಲ ಕೂಡ್ರಿ ಸಾಕು,” ಎಂದೆ. “ನೀವು ಮೆಲ್ಲಕ ಹೇಳ್ರಿ, ನಾ ಬಾಜೂಕ ಕೂತು ನಿಮ್ಮ ಧ್ವನ್ಯಾಗ ಮೈಕಿಗೆ ಹೇಳ್ತೇನಿ. ಥೇಟ್ ನಿಮ್ಮದ ಧ್ವನಿ. ಮಂದಿಗೆ ಒಂಚೂರೂ ಫರಕ ಗೊತ್ತಾಗಂಗಿಲ್ರಿ.”

ಸರ್ ಬೆರಳು ಮಡಿಸಿ ಹತ್ತಿರ ಕರೆದರು. ಹೋಗಿ ಬಗ್ಗಿ ಕಿವಿ ಕೊಟ್ಟೆ. ಔಷಧದ ವಾಸನೆ, ಚಹಾದ ಬಿಸಿ, ಆಮೇಲೆ ಉಸಿರು.

“ಫರಕ ಗೊತ್ತಾಗ್ಲಿಲ್ಲ ಅಂತನ ಇಷ್ಟೆಲ್ಲಾ ಆತು. ನನ್ನ ಮಾತ ಹೇಳಾಂವ ಇದ್ರ ಹೇಳು, ನಿನ್ನ ಧ್ವನ್ಯಾಗ ಹೇಳು.”